ಹೊಡೆದವರು ಬರೆದ ಚರಿತ್ರೆ



ಯುದ್ಧದ ಚರಿತ್ರೆಯನ್ನು ಗೆದ್ದವರು ಬರೆಯುತ್ತಾರೆ ಎಂಬ ಮಾತನ್ನು ನೀವು ಕೇಳಿದ್ದೀರಿ. ಇಂಗ್ಲೆಂಡಿನ ಫುಟ್‌ಬಾಲ್ ಮೈದಾನಗಳಲ್ಲಿ ನಡೆದ ಬಡಿದಾಟದ ಚರಿತ್ರೆಯನ್ನು ಹೆಚ್ಚಾಗಿ ಬರೆದವರು ಹೊಡೆದವರೇ. ಇವರು ಆಟಗಾರರಲ್ಲ, ಆಟ ನೋಡಲು ಹೋದವರು. ಲೋಕ ಇವರನ್ನು ‘ಹೂಲಿಗನ್’ ಎಂದಿತು. ನಮ್ಮ ಮಾತಿನಲ್ಲಿ ಪುಂಡರು. 1980ರ ದಶಕದ ಕೊನೆಯಿಂದ ಇವರ ನೆನಪಿನ ಪುಸ್ತಕಗಳು ಒಂದರ ಹಿಂದೊಂದು ಅಚ್ಚಾದವು. ಆ ಪುಸ್ತಕಗಳು ಏನು ಹೇಳುತ್ತವೆ, ಏನನ್ನು ಬಿಡುತ್ತವೆ ಎಂಬುದನ್ನು ಇಂದು ನೋಡೋಣ.

1960ರ ದಶಕದ ನಂತರ ಇಂಗ್ಲೆಂಡಿನಲ್ಲಿ ಶನಿವಾರದ ಪಂದ್ಯಕ್ಕೆ ಊರಿಂದೂರಿಗೆ ರೈಲು ಹತ್ತಿ ಹೋಗುವ ಯುವಕರು ಹೆಚ್ಚಿದರು. ಎದುರು ತಂಡದವರು ನಿಲ್ಲುವ ಕಟ್ಟೆಗೆ ನುಗ್ಗಿ ಅದನ್ನು ವಶಪಡಿಸಿಕೊಳ್ಳುವುದೇ ಅವರಿಗೆ ದೊಡ್ಡ ಗೆಲುವಾಯಿತು. ಬರಬರುತ್ತ ಒಂದೊಂದು ತಂಡದ ಹಿಂದೆಯೂ ಒಂದೊಂದು ಗುಂಪು ಹುಟ್ಟಿಕೊಂಡಿತು. ಅದನ್ನು ಅವರು ‘ಫರ್ಮ್’ ಎಂದು ಕರೆದರು. ಲಂಡನ್ನಿನ ವೆಸ್ಟ್ ಹ್ಯಾಮ್ ತಂಡದ ಗುಂಪಿನ ಹೆಸರು ‘ಇಂಟರ್ ಸಿಟಿ ಫರ್ಮ್’. ಅಭಿಮಾನಿಗಳಿಗೆಂದೇ ಬಿಡುತ್ತಿದ್ದ ವಿಶೇಷ ರೈಲುಗಳಲ್ಲಿ ಪೊಲೀಸರ ಕಾವಲು. ಅದನ್ನು ತಪ್ಪಿಸಲು ಇವರು ಸಾಮಾನ್ಯ ಇಂಟರ್ ಸಿಟಿ ರೈಲಿನಲ್ಲಿ ಹೋಗುತ್ತಿದ್ದರು. ಹೆಸರು ಬಂದದ್ದು ಅಲ್ಲಿಂದಲೇ. ಹೊಡೆಸಿಕೊಂಡು ಬಿದ್ದವನ ಬಳಿ ಗುಂಪಿನ ಹೆಸರು ಅಚ್ಚು ಹಾಕಿಸಿದ ಚೀಟಿ ಬಿಟ್ಟು ಹೋಗುವುದೂ ಇತ್ತು.

ಕಾಲಿನ್ ವಾರ್ಡ್ ಬರೆದ ‘ಸ್ಟೀಮಿಂಗ್ ಇನ್’ 1989ರಲ್ಲಿ ಹೊರಬಂತು. ಅದರ ಹಿಂದೆಯೇ ಬಂದ ‘ಅಮಂಗ್ ದ ಥಗ್ಸ್’ ಪುಸ್ತಕದ ಬಿಲ್ ಬುಫೋರ್ಡ್ ಪುಂಡರ ಪೈಕಿಯವರಲ್ಲ. ಅವರು ಅಮೆರಿಕದವರು, ‘ಗ್ರಾಂಟಾ’ ಎಂಬ ಸಾಹಿತ್ಯ ಪತ್ರಿಕೆಯ ಸಂಪಾದಕರಾಗಿದ್ದವರು. 1984ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳ ಜೊತೆ ಇಟಲಿಯ ಟ್ಯೂರಿನ್‌ಗೆ ಹೋದರು. ಗುಂಪಿನೊಳಗೆ ನಿಂತಾಗ ತಮಗೂ ಏರಿದ ಅಮಲನ್ನು ಅವರು ಮುಚ್ಚಿಡಲಿಲ್ಲ. ಓದು ಬರಹ ಬಲ್ಲವರೂ ಗುಂಪಿನಲ್ಲಿ ಕರಗಿಹೋಗುತ್ತಾರೆ ಎಂಬುದು ಆ ಪುಸ್ತಕದ ಪಾಠ.

ವೆಸ್ಟ್ ಹ್ಯಾಮ್ ಗುಂಪಿನ ಕ್ಯಾಸ್ ಪೆನ್ನಂಟ್ ಅವರ ಕಥೆ ಬೇರೆ. ಜಮೈಕಾ ಮೂಲದ ಕಪ್ಪು ಮಗು. ಬೆಳೆದದ್ದು ಬಿಳಿಯರ ಕೇರಿಯಲ್ಲಿ, ಬಿಳಿಯರ ಮನೆಯಲ್ಲಿ. ಬೀದಿಯಲ್ಲಿ ಅವಮಾನ ಉಂಡ ಹುಡುಗನಿಗೆ ಗುಂಪಿನಲ್ಲಿ ಮರ್ಯಾದೆ ಸಿಕ್ಕಿತು. 1980ರಲ್ಲಿ ಜೈಲು ಸೇರಿದ ಅವರು ಮುಂದೆ ಲೇಖಕರಾದರು. ಅವರ ಬದುಕು 2008ರಲ್ಲಿ ಚಲನಚಿತ್ರವೂ ಆಯಿತು. ತನ್ನವರು ಎಂದು ಹೇಳಿಕೊಳ್ಳಲು ನಾಲ್ಕು ಜನ ಬೇಕೆಂಬ ಹಸಿವು ಎಂಥದೆಂದು ಇಂಥ ಪುಸ್ತಕದಿಂದ ತಿಳಿಯುತ್ತದೆ. ಅದು ಸುಳ್ಳಲ್ಲ.

ಆದರೆ ಈ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುವ ಮಾತೊಂದಿದೆ: ‘ನಾವು ಹೊಡೆದದ್ದು ನಮ್ಮಂಥವರನ್ನೇ, ಸಾಮಾನ್ಯ ಜನರನ್ನಲ್ಲ.’ ಈ ಮಾತನ್ನು 1985ರ ಮೇ 29ರ ಸಂಜೆಯ ಪಕ್ಕದಲ್ಲಿಟ್ಟು ನೋಡಿ. ಬ್ರಸೆಲ್ಸ್ ನಗರದ ಹೇಸೆಲ್ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಮತ್ತು ಯುವೆಂಟಸ್ ತಂಡಗಳ ಫೈನಲ್. ಲಿವರ್‌ಪೂಲ್ ಕಡೆಯ ಗುಂಪೊಂದು ಪಕ್ಕದ ಜೆಡ್ ವಿಭಾಗಕ್ಕೆ ನುಗ್ಗಿತು. ಅಲ್ಲಿದ್ದವರಲ್ಲಿ ಅನೇಕರು ಸಂಸಾರಸಮೇತ ಆಟ ನೋಡಲು ಬಂದ ಇಟಲಿಯವರು. ಅವರು ಗೋಡೆಯ ಕಡೆಗೆ ಓಡಿದರು. ಕಾಲ್ತುಳಿತವಾಯಿತು, ಹಳೆಯ ಗೋಡೆ ಕುಸಿಯಿತು. 39 ಜನ ಸತ್ತರು. ಇಂಗ್ಲೆಂಡಿನ ತಂಡಗಳಿಗೆ ಯುರೋಪಿನ ಪಂದ್ಯಗಳಿಂದ ಐದು ವರ್ಷ ಬಹಿಷ್ಕಾರ ಬಿತ್ತು, ಲಿವರ್‌ಪೂಲಿಗೆ ಆರು.

ಪುಂಡಾಟದ ಹೆಸರು ಆಮೇಲೆ ನಿರಪರಾಧಿಗಳನ್ನೂ ಹಿಡಿಯಿತು. ಅಭಿಮಾನಿಗಳು ಮೈದಾನಕ್ಕೆ ನುಗ್ಗಬಾರದೆಂದು ಕ್ರೀಡಾಂಗಣಗಳಲ್ಲಿ ಉಕ್ಕಿನ ಬೇಲಿ ಹಾಕಿದ್ದರು. 1989ರ ಏಪ್ರಿಲ್ 15ರಂದು ಶೆಫೀಲ್ಡ್ ನಗರದ ಹಿಲ್ಸ್‌ಬರೋದಲ್ಲಿ ಪೊಲೀಸರೇ ಗೇಟು ತೆರೆಸಿದರು. ಆಗಲೇ ತುಂಬಿದ್ದ ಕಟ್ಟೆಗೆ ಮತ್ತಷ್ಟು ಜನ ಸೇರಿಕೊಂಡರು. ಮುಂದಿದ್ದವರು ಬೇಲಿಗೆ ಒತ್ತಿ ಉಸಿರುಗಟ್ಟಿದರು. ಆ ದಿನದ ಗಾಯಗಳಿಂದ 2021ರಲ್ಲಿ ತೀರಿಕೊಂಡವರೂ ಸೇರಿ ಒಟ್ಟು 97 ಸಾವು. ಅಭಿಮಾನಿಗಳೇ ಗೇಟು ನುಗ್ಗಿದರೆಂದು ಪೊಲೀಸ್ ಅಧಿಕಾರಿ ಹೇಳಿದರು, ಪತ್ರಿಕೆಗಳು ಅವರನ್ನು ಕುಡುಕರೆಂದವು. ದೇಶ ನಂಬಿತು. ಫುಟ್‌ಬಾಲ್ ಅಭಿಮಾನಿಯೆಂದರೆ ಪುಂಡ ಎಂಬ ಚಿತ್ರ ಆಗಲೇ ಮನಸ್ಸಿನಲ್ಲಿ ಕೂತಿತ್ತಲ್ಲ! 164 ಪೊಲೀಸ್ ಹೇಳಿಕೆಗಳನ್ನು ತಿದ್ದಲಾಗಿತ್ತೆಂದು 2012ರಲ್ಲಿ ಸ್ವತಂತ್ರ ಸಮಿತಿ ತೋರಿಸಿತು. ಅಭಿಮಾನಿಗಳದು ತಪ್ಪಿಲ್ಲವೆಂದು ಜ್ಯೂರಿ ಹೇಳಿದ್ದು 2016ರಲ್ಲಿ. ಸತ್ತವರ ತಾಯಿತಂದೆಯರು ಈ ಒಂದು ಮಾತಿಗಾಗಿ 27 ವರ್ಷ ಕಾದರು. ಕೆಲವರು ಕಾಯುತ್ತಲೇ ಕಣ್ಣು ಮುಚ್ಚಿದರು.

ಬೇಲಿಗಳು ಹೋದವು, ದೊಡ್ಡ ಕ್ರೀಡಾಂಗಣಗಳಲ್ಲಿ ಎಲ್ಲರಿಗೂ ಕುರ್ಚಿ ಬಂತು. ಹಿಲ್ಸ್‌ಬರೋ ನಂತರವೂ ಹೊಡೆದಾಟದ ನೆನಪುಗಳು ಮಾತ್ರ ಮಾರಾಟವಾಗುತ್ತಲೇ ಹೋದವು.

ಬಂಧುಗಳೇ, ಅಂಥ ಪುಸ್ತಕ ನಿಮ್ಮ ಕೈಗೆ ಸಿಕ್ಕರೆ ಓದಬೇಡಿ ಎಂದು ನಾನು ಹೇಳುವುದಿಲ್ಲ. ಊರ ಕಟ್ಟೆಯ ಮೇಲೆ ಹಳೆಯ ಜಗಳದ ಕಥೆ ಕೇಳುವಾಗಲೂ, ಅದನ್ನು ಓದುವಾಗಲೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಏಟು ತಿಂದವನ ಹೆಸರೇನು? ಆ ಹೆಸರು ಕಥೆಯಲ್ಲಿ ಸಿಗದಿದ್ದರೆ ನಿಮ್ಮ ಕೈಯಲ್ಲಿರುವುದು ಅರ್ಧ ಚರಿತ್ರೆ ಎಂದು ತಿಳಿಯಿರಿ.