ಒರೆ ಕಟ್ಟುವ ಕಸುಬು

ಒರೆಗೆ ಮೂರು ಕೆಲಸ. ಅಲಗಿನ ಬಾಯಿ ಕೆಡದಂತೆ ಕಾಯಬೇಕು, ಕತ್ತಿ ಕಟ್ಟಿಕೊಂಡವನ ಮೈಗೆ ಗಾಯವಾಗದಂತೆ ನೋಡಿಕೊಳ್ಳಬೇಕು, ಹಿರಿದಾಗ ಒಂದೇ ಕೈಗೆ ಬರಬೇಕು. ಸಡಿಲಾದರೆ ಓಡುವಾಗ ಕತ್ತಿ ಜಾರುತ್ತದೆ, ಬಿಗಿಯಾದರೆ ಹಿರಿಯುವುದೇ ಕಷ್ಟ. ಹಾಗಾಗಿ ಒಳ್ಳೆಯ ಒರೆಯನ್ನು ಎಲ್ಲ ಕಾಲದಲ್ಲೂ ಆಯಾ ಅಲಗನ್ನೇ ಅಚ್ಚಾಗಿ ಇಟ್ಟುಕೊಂಡು ಮಾಡಿದ್ದಾರೆ. ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವಿನ ಸೀಮೆಯಲ್ಲಿ, ಅಂದರೆ ಚಿಮ್ಮಡ, ಮುಧೋಳ, ಜಮಖಂಡಿ, ಬೀಳಗಿಗಳ ಸುತ್ತ, ಈ ಕೆಲಸ ತೊಗಲು ಮತ್ತು ಕಟ್ಟಿಗೆಯದಾಗಿತ್ತು. ಈಗ ಬೇಟೆ, ಚಾರಣ, ಸೈನ್ಯದ ಚಾಕುಗಳಿಗೆ ಅದೇ ಕೆಲಸವನ್ನು ಕಾಯಿಸಿದ ಪ್ಲಾಸ್ಟಿಕ್ ಹಾಳೆ ಮಾಡುತ್ತಿದೆ.

ಈ ಸೀಮೆ ಬಹುಕಾಲ ವಿಜಾಪುರದ ಆದಿಲ್‌ಶಾಹಿಗಳ ಆಳ್ವಿಕೆಯಲ್ಲಿತ್ತು. ಮುಧೋಳದ ಘೋರ್ಪಡೆಯವರು ಆ ದರಬಾರಿನ ಸರದಾರರು. ಅಂದಿನ ದಖ್ಖನಿ ಚಿತ್ರಗಳಲ್ಲಿ ನಡುಪಟ್ಟಿಗೆ ಸಿಕ್ಕಿಸಿದ ಕಠಾರಿ ಮತ್ತೆ ಮತ್ತೆ ಕಾಣುತ್ತದೆ. ಕಾಣುವುದು ಹಿಡಿ ಮತ್ತು ಒರೆ ಮಾತ್ರ, ಅಲಗಲ್ಲ. ಹೀಗಾಗಿ ದರಬಾರಿನಲ್ಲಿ ಕತ್ತಿಯ ಅಂತಸ್ತು ಹೇಳುತ್ತಿದ್ದುದು ಒರೆಯೇ. ಇಂಥ ಒರೆಗೆ ತೆಳುವಾದ ಎರಡು ಕಟ್ಟಿಗೆ ಹೋಳುಗಳನ್ನು ಒಳಗೆ ಕೆತ್ತಿ, ಅಂಟಿಸಿ, ಮೇಲೆ ತೊಗಲನ್ನೋ ಮಖಮಲ್ಲನ್ನೋ ಹೊದಿಸಿ, ಬಾಯಿಗೂ ತುದಿಗೂ ಲೋಹದ ಕಟ್ಟು ಹಾಕುತ್ತಿದ್ದರು. ಒಂದು ಕತ್ತಿ ಸಿದ್ಧವಾಗಲು ಹಲವು ಕೈ ಬೇಕಿತ್ತು: ಅಲಗು ಬಡಿಯಲು ಕಂಬಾರ, ಸಾಣೆ ಹಿಡಿಯಲು ಶಿಕಲಗಾರ, ಹೊದಿಕೆ ಹೊಲಿಯಲು ತೊಗಲಿನ ಕಸುಬಿನವರು. ಶಿಕಲಗಾರ ಎಂಬ ಅಡ್ಡಹೆಸರು ಉತ್ತರ ಕರ್ನಾಟಕದಲ್ಲಿ ಇಂದಿಗೂ ಉಳಿದಿದೆ. ಆಯುಧ ಹೋದ ಮೇಲೆ ಆ ಮನೆತನಗಳ ಸಾಣೆ ಕತ್ತರಿ, ಚಾಕುಗಳ ಪಾಲಾಯಿತು.

ಸಾಮಾನ್ಯರ ಒರೆ ಬರೀ ತೊಗಲಿನದು. ಈ ಭಾಗದ ತೊಗಲು ಹದ ಮಾಡುತ್ತಿದ್ದುದು ಗಿಡದ ರಸದಿಂದ: ಜಾಲಿ ತೊಗಟೆ, ತಂಗಡಿ ತೊಗಟೆ, ಅಳಲೆಕಾಯಿ. ಹೀಗೆ ಹದವಾದ ಎತ್ತು, ಎಮ್ಮೆಯ ತೊಗಲಿಗೆ ಒಂದು ಗುಣವಿದೆ. ನೀರಿನಲ್ಲಿ ನೆನೆಸಿದರೆ ಮೆತ್ತಗಾಗಿ ಹೇಳಿದಂತೆ ಕೇಳುತ್ತದೆ, ಒಣಗಿದರೆ ಕೊಟ್ಟ ಆಕಾರದಲ್ಲೇ ಗಟ್ಟಿಯಾಗುತ್ತದೆ. ಅಲಗಿಗೆ ಎಣ್ಣೆ ಸವರಿ, ಹಸಿ ತೊಗಲನ್ನು ಸುತ್ತಿ, ಕಟ್ಟಿಗೆಯ ಅಥವಾ ಕೋಡಿನ ತುಂಡಿನಿಂದ ಉಜ್ಜಿ ಉಜ್ಜಿ ಮೈಗೆ ಕೂಡಿಸಿ, ನೆರಳಲ್ಲಿ ಒಣಗಿಸಿದರೆ ಒರೆಯ ಅಚ್ಚು ಬಿದ್ದಂತೆ. ಅಲಗಿನ ಬಾಯಿ ಬರುವ ಕಡೆ ಒಳಗೊಂದು ತೊಗಲಿನ ಪಟ್ಟಿ ಸೇರಿಸಿ ಹೊಲಿಯುವುದು ಬಲ್ಲವರ ಜಾಣತನ. ಇಲ್ಲದಿದ್ದರೆ ಕತ್ತಿ ಮೊದಲು ಕೊಯ್ಯುವುದು ತನ್ನ ಒರೆಯ ಹೊಲಿಗೆಯನ್ನೇ. ಇದೇ ತೊಗಲು, ಇದೇ ಕೈಚಳಕ ಇಂದು ಕೊಲ್ಹಾಪುರಿ ಚಪ್ಪಲಿಯಲ್ಲಿ ಉಳಿದಿದೆ. ಆ ಚಪ್ಪಲಿಯ ಭೌಗೋಳಿಕ ಸೂಚಕ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬಾಗಲಕೋಟೆ ಸೇರಿದಂತೆ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಸಲ್ಲುತ್ತದೆ.

ತೊಗಲಿನ ಒರೆಯ ದೊಡ್ಡ ದೋಷ ಅದರ ಹದದಲ್ಲೇ ಇದೆ. ತೊಗಟೆಯ ಟ್ಯಾನಿನ್ ಕಬ್ಬಿಣಕ್ಕೆ ತಾಗಿ ತೇವವೂ ಸೇರಿದರೆ ನೀಲಿಗಪ್ಪು ಕಲೆ ಏಳುತ್ತದೆ, ಅದರ ಹಿಂದೆಯೇ ತುಕ್ಕು. ಮಳೆ ಕಡಿಮೆ ಇರುವ ಮುಧೋಳ ಸೀಮೆಯಲ್ಲಿ ಇದು ನಡೆದುಹೋಗುತ್ತಿತ್ತು. ಮಲೆನಾಡಿನಲ್ಲಿ ನಡೆಯುವಂತಿರಲಿಲ್ಲ. ಅಲ್ಲಿಯ ತೋಟದವರು ಕತ್ತಿಯನ್ನು ಒರೆಗೆ ಹಾಕದೆ ಸೊಂಟದ ಕೊಕ್ಕೆಗೆ ತೂಗುಹಾಕುತ್ತಾರೆ. ಗಾಳಿಯಾಡುತ್ತದೆ, ನೀರು ಇಳಿದುಹೋಗುತ್ತದೆ. ಕೊಡವರ ಒಡಿಕತ್ತಿಗೂ ಒರೆಯಿಲ್ಲ. ಅದರ ಅಗಲವಾದ ಬಾಗಿದ ಅಲಗು ಯಾವ ಇಕ್ಕಟ್ಟಾದ ಬಾಯಲ್ಲೂ ತೂರದು. ಬೆನ್ನ ಹಿಂದೆ ಪಟ್ಟಿಗೆ ಕಟ್ಟಿದ ತೊಡಂಗ್ ಎಂಬ ಲೋಹದ ಹಿಡಿಕೆಯಲ್ಲಿ ಅದು ನಿಲ್ಲುತ್ತದೆ. ಮುಂದೆ ಚೇಲೆ ಎಂಬ ನಡುಪಟ್ಟಿಗೆ ಸಿಕ್ಕಿಸುವ ಪೀಚೆಕತ್ತಿಗೆ ಮಾತ್ರ ಬೆಳ್ಳಿಯ ಕೆಲಸದ ಒರೆ, ಅದಕ್ಕೊಂದು ಸರಪಳಿ.

ಬಯಲುಸೀಮೆಯಲ್ಲಿ ಒರೆಯ ಕಸುಬು ಸೊರಗಿದ್ದು ಕಾನೂನಿನಿಂದ. 1857ರ ನಿಶ್ಶಸ್ತ್ರೀಕರಣ ಕಾಯ್ದೆ ಜನರ ಆಯುಧಗಳನ್ನು ದಾಖಲೆಗೆ ತರಲು ಹೊರಟಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಊರಿಗೆ ನುಗ್ಗಿ ಬೆಂಕಿಯಿಟ್ಟಿತು. ಸೆರೆಸಿಕ್ಕ ಹಲವರನ್ನು ಗಲ್ಲಿಗೇರಿಸಿತು. ಬಂಡಾಯದ ಮುಂದಾಳುಗಳಾದ ಜಡಗ ಮತ್ತು ಬಾಲರ ಹೆಸರು ಲಾವಣಿಗಳಲ್ಲಿ ಇಂದಿಗೂ ಕೇಳುತ್ತದೆ. 1878ರ ಆಯುಧ ಕಾಯ್ದೆ ಹಿಡಿತವನ್ನು ಇನ್ನಷ್ಟು ಬಿಗಿ ಮಾಡಿತು. ಕೊಡವರಿಗೆ ಅದೇ ಬ್ರಿಟಿಷರು ವಿನಾಯಿತಿ ಕೊಟ್ಟರು. ಬಂದೂಕಿನ ವಿಷಯದಲ್ಲಿ ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದೆ. ಪೀಚೆಕತ್ತಿಯ ಬೆಳ್ಳಿ ಒರೆ ಇಂದಿಗೂ ಮದುವೆಯ ಉಡುಗೆಯಲ್ಲಿ ಹೊಳೆಯುತ್ತಿರುವುದಕ್ಕೂ ಹಲಗಲಿಯ ಸುತ್ತ ಒರೆ ಎಂಬ ವಸ್ತುವೇ ಅಪರೂಪವಾದುದಕ್ಕೂ ಈ ಎರಡು ನೀತಿಗಳ ಪಾಲು ದೊಡ್ಡದು.

ಉಳಿದದ್ದು ದುಡಿಮೆಯ ಕತ್ತಿ. ಸ್ವತಂತ್ರ ಭಾರತದ 1962ರ ಆಯುಧ ನಿಯಮಗಳು ಒಂಬತ್ತು ಇಂಚಿಗಿಂತ ಉದ್ದದ ಅಥವಾ ಎರಡು ಇಂಚಿಗಿಂತ ಅಗಲದ ಅಲಗನ್ನು ಆಯುಧದ ಪಟ್ಟಿಗೆ ಸೇರಿಸಿದರೂ ಮನೆ, ಹೊಲ, ಕಾರ್ಖಾನೆಯ ಉಪಕರಣಗಳನ್ನು ಹೊರಗಿಟ್ಟವು. ಕುಡಗೋಲಿಗೂ ಈಳಿಗೆಗೂ ಒರೆಯ ರೂಢಿ ಮೊದಲೇ ಇರಲಿಲ್ಲ. ನೀರಾವರಿಯಿಂದ ಚಿಮ್ಮಡದ ಸುತ್ತಲಿನ ಎರೆಭೂಮಿ ಕಬ್ಬಿನ ಸೀಮೆಯಾದ ಮೇಲೆ ಇಲ್ಲಿ ಹೆಚ್ಚು ಓಡಾಡುವ ಅಲಗು ಕಬ್ಬು ಕಡಿಯುವ ಕೊಯ್ತಾ. ಅದಕ್ಕೂ ಒರೆಯಿಲ್ಲ, ಗೋಣಿ ತಟ್ಟು ಸುತ್ತಿದರೆ ಆಯಿತು.

ಹೊಸ ಒರೆ ಹುಟ್ಟಿದ್ದು ಬೇರೆಯೇ ಕಡೆ. 1965ರಲ್ಲಿ ಅಮೆರಿಕದ ರೋಮ್ ಅಂಡ್ ಹಾಸ್ ಕಂಪನಿ ವಿಮಾನದ ಒಳಮೈಗೆಂದು ಅಕ್ರಿಲಿಕ್ ಮತ್ತು ಪಿವಿಸಿ ಬೆರೆಸಿ ಕೈಡೆಕ್ಸ್ ಎಂಬ ಹಾಳೆ ತಯಾರಿಸಿತು. ಮುಂದಿನ ದಶಕದಲ್ಲಿ ಅದು ಪಿಸ್ತೂಲಿನ ಚೀಲವಾಯಿತು, ಆಮೇಲೆ ಚಾಕುವಿನ ಒರೆಯಾಯಿತು. ಕಾಯಿಸಿದರೆ ಮೆದುವಾಗಿ, ಆರಿದರೆ ಬಿಗಿಯುವ ಈ ಗುಣ ಕಬ್ಬಿನ ರೈತನಿಗೆ ಹೊಸದಲ್ಲ. ಪಿವಿಸಿ ಪೈಪಿನ ತುದಿಯನ್ನು ಬೆಂಕಿಗೆ ಹಿಡಿದು, ಅಗಲಿಸಿ, ಇನ್ನೊಂದು ಪೈಪಿಗೆ ಕೂಡಿಸುವಾಗ ನಡೆಯುವುದೂ ಇದೇ.

ಒರೆಗೆ ಬೇಕಾದ ಹಾಳೆ ಸುಮಾರು 2 ಮಿಲಿಮೀಟರ್ ದಪ್ಪ. ಅದನ್ನು ಕಾಯಿಸಲು ಟೀ ಶರ್ಟಿನ ಮೇಲೆ ಚಿತ್ರ ಒತ್ತುವ ಹೀಟ್ ಪ್ರೆಸ್ ಒಗ್ಗುತ್ತದೆ. ಗ್ಯಾಸಿನ ಉರಿಯಲ್ಲಿ ಒಂದು ಮೂಲೆ ಸುಟ್ಟು ಇನ್ನೊಂದು ಹಸಿಯಾಗಿ ಉಳಿಯುತ್ತದೆ. ಪ್ರೆಸ್ಸಿನ ಬಿಸಿ ಎಲ್ಲ ಕಡೆಗೂ ಒಂದೇ ಸಮ. ಫಲಕದ ಬಿಸಿಯನ್ನು ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟು, ಅಂಟದಂತೆ ಟೆಫ್ಲಾನ್ ಹಾಳೆ ಹಾಕಿ, ಒತ್ತಡ ಕೊಡದೆ ಬರೀ ತಾಗಿಸಬೇಕು. ಒತ್ತಿದರೆ ಹಾಳೆಯ ಮೇಲ್ಮೈಯ ತರಿ ಅಳಿಸಿಹೋಗುತ್ತದೆ. ಬಿಸಿಯಾಗುವುದು ಮೇಲಿನ ಫಲಕ ಮಾತ್ರವಾದ್ದರಿಂದ ನಡುವೆ ಒಮ್ಮೆ ಮಗುಚಬೇಕು. ಹದ ಬಂದ ಹಾಳೆ ಬಿಸಿ ರೊಟ್ಟಿಯಂತೆ ಕೈಯಲ್ಲಿ ಜೋಲುತ್ತದೆ. ಬಿಸಿ 200 ಡಿಗ್ರಿ ದಾಟಿದರೆ ಪಿವಿಸಿ ವಿಘಟನೆಗೊಂಡು ಮೂಗು ಉರಿಸುವ ಹೈಡ್ರೋಜನ್ ಕ್ಲೋರೈಡ್ ಬಿಡುತ್ತದೆ, ಕಿಟಕಿ ತೆರೆದಿರಬೇಕು.

ಆಕಾರ ಕೊಡುವ ಪ್ರೆಸ್ ಬೇರೆ. ಕೀಲು ಹಾಕಿದ ಎರಡು ಹಲಗೆ, ಒಳಗೆ ದಪ್ಪ ಫೋಮ್. ಅಲಗಿಗೆ ಮೊದಲೇ ಎರಡು ಮೂರು ಪದರ ಟೇಪ್ ಸುತ್ತಿರಬೇಕು; ಹಿರಿಯುವಾಗ ಬೇಕಾದ ಸಡಿಲು ಅಲ್ಲಿಂದಲೇ ಬರುವುದು. ಬಿಸಿ ಹಾಳೆಯನ್ನು ಅಲಗಿನ ಸುತ್ತ ಮಡಚಿ, ಫೋಮಿನ ನಡುವೆ ಇಟ್ಟು, ಕ್ಲಾಂಪ್ ಬಿಗಿಯುವಷ್ಟರಲ್ಲಿ ಹಾಳೆ ಆರತೊಡಗಿರುತ್ತದೆ. ಹತ್ತು ನಿಮಿಷ ಹಾಗೇ ಬಿಟ್ಟರೆ ಹಿಡಿ ಮತ್ತು ಅಲಗು ಕೂಡುವ ಜಾಗದ ತಗ್ಗು ಒರೆಯಲ್ಲಿ ಮೂಡುತ್ತದೆ. ಕತ್ತಿ ಟಕ್ಕೆಂದು ಕೂಡುವುದು, ತಲೆಕೆಳಗೆ ಹಿಡಿದರೂ ಬೀಳದಿರುವುದು ಆ ತಗ್ಗಿನಿಂದ. ಅಂಚು ಕತ್ತರಿಸಿ, ಉಜ್ಜಿ, ಐಲೆಟ್ ಹೊಡೆದು, ತುದಿಯಲ್ಲಿ ನೀರು ಇಳಿಯಲು ತೂತು ಬಿಟ್ಟರೆ ಕೆಲಸ ಮುಗಿಯಿತು.

ಈ ಒರೆಗೆ ನೀರಿನ ಭಯವಿಲ್ಲ, ಟ್ಯಾನಿನ್ನಿನ ಕಲೆಯಿಲ್ಲ. ಅಚ್ಚು ತಪ್ಪಿದರೆ ಮತ್ತೆ ಕಾಯಿಸಿ ತಿದ್ದಬಹುದು. ಆದರೆ ಒಳಗೆ ಸೇರಿದ ಮರಳು ಅಲಗನ್ನು ಗೀರುತ್ತದೆ, ಕುಲುಮೆಯ ಬಳಿ ಇಟ್ಟರೆ ಆಕಾರ ಸೊಟ್ಟಗಾಗುತ್ತದೆ. ಬಾಗಿದ ಕೊಯ್ತಾಕ್ಕೆ ಮುಚ್ಚಿದ ಒರೆ ಇದರಲ್ಲೂ ಆಗದು; ತೊಡಂಗ್ ಮಾಡಿದವರಿಗೆ ಎದುರಾದ ತೊಡಕೇ ಇಲ್ಲಿಯೂ ಎದುರಾಗುತ್ತದೆ. ಅಂಥ ಅಲಗಿಗೆ ಬೆನ್ನಿನ ಕಡೆ ತೆರೆದು, ಬಾಯಿಯನ್ನಷ್ಟೇ ಕಚ್ಚಿ ಹಿಡಿದು, ಮೇಲೊಂದು ಪಟ್ಟಿಯಿಂದ ಬಿಗಿಯುವ ಕವಚವೇ ಸರಿ.