ನೆಚ್ಚಿ ಹಡಗು ಹತ್ತಿದವರು

ನೆಚ್ಚು

‘ನೆಚ್ಚಿನ ನಟ’, ‘ನೆಚ್ಚಿನ ತಿಂಡಿ’ ಎಂದು ಟೀವಿಯಲ್ಲಿ ಕೇಳಿ ಕೇಳಿ ಈ ಪದ ಬರೀ ‘ಇಷ್ಟ’ವಾಗಿಬಿಟ್ಟಿದೆ. ಹಳಗನ್ನಡದ ‘ನಚ್ಚು’ ಎಂದರೆ ನಂಬಿ ಆತುಕೊಳ್ಳುವುದು. ಮಳೆ ನೆಚ್ಚಿ ಬಿತ್ತುವ ರೈತನಿಗೆ ಮಳೆ ಇಷ್ಟವೋ ಅಲ್ಲವೋ ಎಂಬ ಪ್ರಶ್ನೆಯೇ ಇಲ್ಲ. ಬೇರೆ ಗತಿಯಿಲ್ಲ, ಅಷ್ಟೆ. ತಮಿಳಿನ ‘ನಚ್ಚು’ ಬಯಕೆಯತ್ತ, ತೆಲುಗಿನದು ಮೆಚ್ಚುಗೆಯತ್ತ ವಾಲಿವೆ. ನಮ್ಮ ‘ನೆಚ್ಚಿನ’ವೂ ಅತ್ತಲೇ ಹೊರಟಂತಿದೆ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಕ್ರೈಸ್ತ ಧರ್ಮಪ್ರಚಾರಕರಾದ ಹೆಬಿಕ್, ಲೇನರ್, ಗ್ರೈನರ್ ಅವರಿಗೆ ಇಲ್ಲಿಯ ಭಾಷೆ ಬಾರದು. ತಮ್ಮೂರಿನ ಕಾಗದ ತಲುಪಲು ತಿಂಗಳುಗಳೇ ಬೇಕು. ದೇವರನ್ನು ನೆಚ್ಚಿ ಬಂದವರು ಎನ್ನಲು ಹೇಳಿ ಮಾಡಿಸಿದ ಪದವಿದು. ಕನ್ನಡ ಬೈಬಲ್ಲಿನಲ್ಲಿ ಹೆಚ್ಚಾಗಿ ಕಿವಿಗೆ ಬೀಳುವುದು ಮಾತ್ರ ‘ನಂಬು’, ‘ಭರವಸವಿಡು’. ‘ನೆಚ್ಚಿನ ದೇವರು’ ಎಂದರೆ ಈಗ ಅಭಿಮಾನಿ ಸಂಘ ನೆನಪಾಗುತ್ತದೆ.