ಕಿರಣ ಹುಡುಕುವ ಕೂಲಿ ಯಾರದ್ದು?

ಗ್ರಾಫಿಕ್ಸ್ ಕಾರ್ಡಿನ ಡಬ್ಬದ ಮೇಲೆ "ರೇ ಟ್ರೇಸಿಂಗ್" ಅಂತ ದೊಡ್ಡದಾಗಿ ಬರೆದಿರುವುದನ್ನು ನೀವೂ ನೋಡಿರುತ್ತೀರಿ. ಎಲ್ಲ ಕಂಪನಿಗಳದ್ದೂ ಅದೇ ಮಾತು. ಆದರೆ ಒಳಗೆ ನಡೆಯುವ ಕೆಲಸ ಒಂದೇನಾ? ಖಂಡಿತ ಅಲ್ಲ. ದುಡ್ಡು ಕೊಡುವವರು ನಾವು, ಅದಕ್ಕೇ ಈ ಕಥೆ...

1980ರಲ್ಲಿ ಬೆಲ್ ಲ್ಯಾಬ್ಸ್‌ನ ಟರ್ನರ್ ವಿಟೆಡ್ ಒಂದು ಪ್ರಬಂಧ ಪ್ರಕಟಿಸಿದರು. ಕಣ್ಣಿನಿಂದ ಒಂದೊಂದು ಪಿಕ್ಸೆಲ್ ಮೂಲಕ ಕಿರಣ ಬಿಟ್ಟು, ಅದು ಕನ್ನಡಿಗೆ ತಾಗಿ ಎತ್ತ ತಿರುಗುತ್ತದೆ, ಗಾಜಿನಲ್ಲಿ ಹೇಗೆ ಬಾಗುತ್ತದೆ ಎಂದು ಲೆಕ್ಕ ಹಾಕುವ ವಿಧಾನ ಅದರಲ್ಲಿತ್ತು. ಗೋಲಗಳ ಒಂದು ಚಿತ್ರಕ್ಕೆ ವ್ಯಾಕ್ಸ್ ಯಂತ್ರ ಒಂದು ಗಂಟೆಗೂ ಹೆಚ್ಚು ಹೊತ್ತು ತೆಗೆದುಕೊಂಡಿತ್ತು! ನನಗೆ ಮುಖ್ಯ ಅನ್ನಿಸಿದ್ದು ಬೇರೆ ಒಂದು ಮಾತು. ಸರಳ ದೃಶ್ಯದಲ್ಲೇ ಶೇ. 75ರಷ್ಟು ಸಮಯ, ಕಿರಣ ಯಾವ ವಸ್ತುವಿಗೆ ತಾಗಿತು ಅಂತ ಹುಡುಕುವುದಕ್ಕೆ ಹೋಗುತ್ತಿತ್ತು. ಜಟಿಲ ದೃಶ್ಯದಲ್ಲಿ ಅದು ಶೇ. 95ರವರೆಗೂ ಏರುತ್ತಿತ್ತು.

ಈ ಹುಡುಕಾಟಕ್ಕೆ ಉಪಾಯವೆಂದರೆ ವಸ್ತುಗಳನ್ನು ಪೆಟ್ಟಿಗೆಯೊಳಗೆ ಪೆಟ್ಟಿಗೆಯಾಗಿ ಜೋಡಿಸುವುದು. ಹೊರಗಿನ ಪೆಟ್ಟಿಗೆಗೇ ತಾಗದ ಕಿರಣಕ್ಕೆ ಒಳಗಿನದ್ದನ್ನು ನೋಡುವ ಗೋಜಿಲ್ಲ. ಕಾರ್ಡುಗಳ ವ್ಯತ್ಯಾಸ ಇಲ್ಲೇ ಇರುವುದು.

2018ರಲ್ಲಿ ಬಂದ ಎನ್ವಿಡಿಯಾದ ಟ್ಯೂರಿಂಗ್‌ನಲ್ಲಿ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಇಳಿಯುವ ಕೆಲಸವನ್ನೆಲ್ಲ ಆರ್‌ಟಿ ಕೋರ್ ಎಂಬ ಪ್ರತ್ಯೇಕ ಘಟಕವೇ ಮಾಡುತ್ತದೆ. 2020ರ ಎಎಂಡಿ ಆರ್‌ಡಿಎನ್‌ಎ 2ರಲ್ಲಿ ತಾಗಿತೋ ಇಲ್ಲವೋ ಎಂಬ ಪರೀಕ್ಷೆ ಮಾತ್ರ ಪ್ರತ್ಯೇಕ ಘಟಕದ್ದು. ಮುಂದೆ ಯಾವ ಪೆಟ್ಟಿಗೆ ನೋಡಬೇಕು ಅಂತ ತೀರ್ಮಾನಿಸುವುದು ಬಣ್ಣ ಹಚ್ಚುವ ಕೆಲಸವನ್ನೂ ಹೊತ್ತ ಸಾಮಾನ್ಯ ಶೇಡರ್. 2022ರ ಇಂಟೆಲ್ ಆರ್ಕ್ ಹುಡುಕಾಟವನ್ನು ಪ್ರತ್ಯೇಕ ಘಟಕಕ್ಕೇ ಕೊಟ್ಟು, ಚದುರಿದ ಕಿರಣಗಳ ಕೆಲಸವನ್ನು ವಿಂಗಡಿಸುವ ಇನ್ನೊಂದು ಘಟಕವನ್ನೂ ಸೇರಿಸಿತು.

ಪರಿಣಾಮ? ನೆರಳಿಗಷ್ಟೇ ಕಿರಣ ಬಳಸುವ ಆಟದಲ್ಲಿ ಆರ್‌ಡಿಎನ್‌ಎ 2 ಅಷ್ಟೇನೂ ಹಿಂದೆ ಬೀಳುವುದಿಲ್ಲ. ಇಡೀ ಬೆಳಕನ್ನೇ ಕಿರಣಗಳಿಂದ ಲೆಕ್ಕ ಹಾಕುವ ಕ್ವೇಕ್ 2 ಆರ್‌ಟಿಎಕ್ಸ್ (2019) ಥರದ್ದರಲ್ಲಿ ಅಂತರ ದೊಡ್ಡದಾಗುತ್ತದೆ. 2025ರ ಆರ್‌ಡಿಎನ್‌ಎ 4ರಲ್ಲಿ ಎಎಂಡಿ ಪರೀಕ್ಷೆಯ ವೇಗವನ್ನು ಹೆಚ್ಚಿಸಿಕೊಂಡಿತು.

2018ರಲ್ಲಿ ಎನ್ವಿಡಿಯಾ ತನ್ನ 2080 ಟಿಐ ಕಾರ್ಡು ಸೆಕೆಂಡಿಗೆ 10 ಗಿಗಾ ಕಿರಣ, ಅಂದರೆ 1000 ಕೋಟಿ ಕಿರಣ ಬಿಡುತ್ತದೆ ಅಂತ ಹೇಳಿತ್ತು. ಯಾವ ದೃಶ್ಯದಲ್ಲಿ ಅಂತ ಕೇಳದಿದ್ದರೆ ಆ ಸಂಖ್ಯೆಗೆ ಅರ್ಥವಿಲ್ಲ, ದೃಶ್ಯ ಜಟಿಲವಾದಷ್ಟೂ ಒಂದೊಂದು ಕಿರಣದ ಖರ್ಚು ಏರುತ್ತದೆ ಅನ್ನುವುದು ವಿಟೆಡ್ ಕಾಲದಿಂದಲೇ ಗೊತ್ತು. ಹಾಗಾಗಿ ಹೋಲಿಕೆ ಪಟ್ಟಿ ಓದುವಾಗ ನಾನು ಸರಾಸರಿಯನ್ನು ಬಿಟ್ಟು, ಯಾವ ಆಟದಲ್ಲಿ ಎಷ್ಟು ಕೆಲಸ ಕಿರಣಗಳದ್ದು ಅಂತ ಮೊದಲು ನೋಡುತ್ತೇನೆ. ನೀವು ಹೇಗೆ ನೋಡುತ್ತೀರಿ? ತಿಳಿಸಿ.